ವಯಸ್ಸಾದವರನ್ನು ಗ್ಯಾಟಿನೋ ಪಾರ್ಕಿನ ಶಾಂಪ್ಲೇನ್ ಲುಕ್‌ಔಟ್‌ಗೆ ಕಾರಿನಲ್ಲಿ ಕರೆದೊಯ್ಯುವ ಬಗೆ

ಊರಿಂದ ಒಟ್ಟಾವಾಕ್ಕೆ ಬರುವ ಅಪ್ಪ-ಅಮ್ಮ, ಅತ್ತೆ-ಮಾವಂದಿರಿಗೆ ಸೈಕಲ್ ತುಳಿಯಲಾಗದು, ಗುಡ್ಡ ಹತ್ತಲು ಮಂಡಿ ಕೇಳದು. ಗ್ಯಾಟಿನೋ ಪಾರ್ಕಿನ ನೆತ್ತಿಯಲ್ಲಿರುವ ಶಾಂಪ್ಲೇನ್ ಲುಕ್‌ಔಟ್ ಎಂಬ ವೀಕ್ಷಣಾ ತಾಣದಿಂದ ಒಟ್ಟಾವಾ ನದಿಯ ಬಯಲನ್ನು ಅವರಿಗೆ ತೋರಿಸಬೇಕಾದರೆ ಹೆಚ್ಚಾಗಿ ಕಾರೇ ಗತಿ. ಕಾರು ಅಲ್ಲಿ ಎಲ್ಲ ದಿನ, ಎಲ್ಲ ಹೊತ್ತು ಹೋಗುವುದಿಲ್ಲ. ಈ ಪ್ರವಾಸ ಕೆಡುವುದು ಹೆಚ್ಚಾಗಿ ದಾರಿ ತಪ್ಪಿ ಅಲ್ಲ, ಹೊತ್ತು ತಪ್ಪಿ.

ಪಾರ್ಕು ನದಿಯಾಚೆ, ಕ್ವಿಬೆಕ್ ಪ್ರಾಂತ್ಯದಲ್ಲಿದೆ. ವಿಸ್ತಾರ 361 ಚದರ ಕಿಲೋಮೀಟರ್. ನೋಡಿಕೊಳ್ಳುವುದು ಕೆನಡಾದ ರಾಷ್ಟ್ರೀಯ ರಾಜಧಾನಿ ಆಯೋಗ. ಇಲ್ಲಿ ಎಲ್ಲರೂ ಅದನ್ನು ಎನ್‌ಸಿಸಿ ಅನ್ನುತ್ತಾರೆ, ಊರಿನವರಿಗೆ ಅದು ಕೆಡೆಟ್ ದಳ ಅಲ್ಲ ಅಂತ ಮೊದಲೇ ಹೇಳಿಬಿಡಿ. ಒಳಗಿನ ಮೂರು ಪಾರ್ಕ್‌ವೇಗಳು, ಅಂದರೆ ಗ್ಯಾಟಿನೋ, ಶಾಂಪ್ಲೇನ್ ಮತ್ತು ಫಾರ್ಚೂನ್ ಲೇಕ್, ಊರಿಂದೂರಿಗೆ ಹೋಗುವ ರಸ್ತೆಗಳಲ್ಲ. ನಿಧಾನವಾಗಿ ನೋಡುತ್ತಾ ಹೋಗಲೆಂದೇ ಹಾಕಿದ ಎರಡು ಲೇನಿನ ದಾರಿಗಳು, ಬಾಯಲ್ಲಿ ಗೇಟುಗಳಿವೆ. ಚಳಿಗಾಲದಲ್ಲಿ ಹಿಮ ತೆಗೆಯುವುದೇ ಇಲ್ಲ, ಅದನ್ನೇ ಹದಮಾಡಿ ಸ್ಕೀ ಹಾದಿ ಮಾಡುತ್ತಾರೆ. ವಸಂತದಲ್ಲಿ ಮೊದಲು ಸೈಕಲ್, ಆಮೇಲೆ ಕಾರು. 2020ರಲ್ಲಿ ಕೋವಿಡ್ ಬಂದಾಗ ಕಾರು ನಿಲ್ಲಿಸಿ ನಡೆಯುವವರಿಗೂ ಸೈಕಲಿನವರಿಗೂ ಬಿಟ್ಟರು. ಅಲ್ಲಿಂದೀಚೆಗೆ ಬೇಸಿಗೆಯಲ್ಲೂ ಕಾರಿಗೆ ಸಿಗುವುದು ವಾರದ ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಹೊತ್ತು ಮಾತ್ರ. ಈ ವೇಳಾಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಅದೇ ವರ್ಷದ ಎಲೆ ಕೆಂಪಾಗುವ ಕಾಲಕ್ಕೆ ಮತ್ತೊಮ್ಮೆ ಬದಲಾಗಬಹುದು. ಕಳೆದ ವರ್ಷ ಹೋಗಿಬಂದ ಗೆಳೆಯರ ಮಾತು ನಂಬಬೇಡಿ. ನಾನು ಹಿಂದಿನ ರಾತ್ರಿ ಒಮ್ಮೆ, ಹೊರಡುವ ಬೆಳಿಗ್ಗೆ ಒಮ್ಮೆ ಎನ್‌ಸಿಸಿಯ ಪುಟವನ್ನೇ ನೋಡುತ್ತೇನೆ. ಓಟ, ಸೈಕಲ್ ರೇಸ್ ಇದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ಹೊತ್ತಿನ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಗೇಟು ಮುಚ್ಚುವುದಕ್ಕೆ ಮುಕ್ಕಾಲು ಗಂಟೆ ಮೊದಲು ಲುಕ್‌ಔಟ್‌ನಿಂದ ಇಳಿಯಲು ಶುರುಮಾಡಿ. ಮೇಲೆ ಕನಿಷ್ಠ ಒಂದು ಗಂಟೆ ಇಡಿ. ವಯಸ್ಸಾದವರು ಕಾರಿನಿಂದ ಇಳಿದು, ಶಾಲು ಹೊದ್ದು, ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿರುತ್ತದೆ. ಒಟ್ಟಾವಾ ನಡುಪೇಟೆಯಿಂದ ತುದಿ ಮುಟ್ಟಲು ಸುಮಾರು 40 ನಿಮಿಷ, ರಜಾದಿನ ಗಂಟೆಗೂ ಮೇಲೆ. ಅಕ್ಟೋಬರ್ ಮೊದಲ ವಾರದಲ್ಲಿ ಸೂರ್ಯ ಮುಳುಗುವುದು ಸಂಜೆ ಆರೂವರೆಯ ಸುಮಾರಿಗೆ, ಜೂನ್ ಕೊನೆಯಲ್ಲಿ ಒಂಬತ್ತರ ಹತ್ತಿರ. ಜೂನ್ ಲೆಕ್ಕದಲ್ಲಿ ಅಕ್ಟೋಬರಿನಲ್ಲಿ ಹೊರಟರೆ ಕತ್ತಲಲ್ಲಿ ಇಳಿಯಬೇಕಾಗುತ್ತದೆ. ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆಗೆ ಬರುತ್ತವೆ. ಒಂದು ದಾಟಿತೆಂದರೆ ಹಿಂದೆ ಇನ್ನೊಂದಿದೆ ಎಂದೇ ತಿಳಿದು ಕಾಯಿರಿ.

ದಾರಿ ಸುಲಭ. ಮ್ಯಾಕ್ಡೊನಾಲ್ಡ್-ಕಾರ್ಟಿಯೆ ಸೇತುವೆ ದಾಟಿ ಹೆದ್ದಾರಿ 5 ಹಿಡಿದು ಉತ್ತರಕ್ಕೆ, 12ನೇ ಎಕ್ಸಿಟ್‌ನಲ್ಲಿ ಓಲ್ಡ್ ಚೆಲ್ಸಿಗೆ ಇಳಿಯಿರಿ. ಸ್ಕಾಟ್ ರಸ್ತೆಯ ವಿಸಿಟರ್ ಸೆಂಟರಿನಲ್ಲಿ ಐದು ನಿಮಿಷ ನಿಲ್ಲಿಸಿ ಕಾಗದದ ನಕ್ಷೆ ತೆಗೆದುಕೊಳ್ಳಿ, ಅಂದು ಯಾವ ಗೇಟು ತೆರೆದಿದೆ ಕೇಳಿ, ಒಳ್ಳೆಯ ಶೌಚಾಲಯವನ್ನೂ ಬಳಸಿಕೊಳ್ಳಿ. ಫೋನಿನ ಮ್ಯಾಪು ಎಷ್ಟೋ ಸಲ ಮುಚ್ಚಿದ ಗೇಟಿನ ಎದುರಿಗೇ ತಂದು ನಿಲ್ಲಿಸುತ್ತದೆ. ಗುಡ್ಡದ ಮರೆಯಲ್ಲಿ ಸಿಗ್ನಲ್ಲೂ ಸಿಗುವುದಿಲ್ಲ, ಹಾಗಾಗಿ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ. ಪಾರ್ಕ್‌ವೇ ಮೇಲೆ ಪೆಟ್ರೋಲ್ ಬಂಕೂ ಇಲ್ಲ, ಅಂಗಡಿಯೂ ಇಲ್ಲ.

ಒಟ್ಟಾವಾ ಇರುವ ಒಂಟಾರಿಯೋ ಪ್ರಾಂತ್ಯದಿಂದ ಹೋಗುವವರು ಮರೆಯುವುದು ಮಕ್ಕಳ ಸೀಟು. ಕ್ವಿಬೆಕ್‌ನಲ್ಲಿ ಮಗು 145 ಸೆಂಟಿಮೀಟರ್ ಎತ್ತರ ಆಗುವವರೆಗೆ ಅಥವಾ 9 ವರ್ಷ ತುಂಬುವವರೆಗೆ ಅದು ಬೇಕೇ ಬೇಕು. ಎಂಟು ತುಂಬಿತು, ಬೂಸ್ಟರ್ ಸೀಟು ಮನೆಯಲ್ಲೇ ಇರಲಿ ಅನ್ನುವ ಒಂಟಾರಿಯೋ ಲೆಕ್ಕ ಸೇತುವೆಯಾಚೆ ನಡೆಯದು. ಕನ್ನಡ ಸಂಘದಿಂದ ಒಟ್ಟಿಗೆ ಹೋಗೋಣ ಅಂತ ಬಸ್ಸು ಗೊತ್ತುಮಾಡುವವರೂ ಎಚ್ಚರ. ಪಾರ್ಕ್‌ವೇ ಮೇಲೆ ವಾಣಿಜ್ಯ ವಾಹನಗಳಿಗೆ ನಿಷೇಧವಿದೆ, ಎನ್‌ಸಿಸಿಯ ಅನುಮತಿ ಮೊದಲೇ ಪಡೆಯಬೇಕು.

ಕಾರಿಗೆ ತೆರೆದ ಹೊತ್ತಿನಲ್ಲೂ ಸೈಕಲಿನವರು ಇರುತ್ತಾರೆ, ಇರಲೇಬೇಕು. 50 ಕಿಲೋಮೀಟರ್ ವೇಗಮಿತಿಯವರೆಗೆ ಒಂದು ಮೀಟರ್, ಅದಕ್ಕಿಂತ ಹೆಚ್ಚಿನ ಕಡೆ ಒಂದೂವರೆ ಮೀಟರ್ ಅಂತರ ಬಿಟ್ಟೇ ಅವರನ್ನು ದಾಟಬೇಕು ಎನ್ನುವುದು ಇಲ್ಲಿನ ಕಾನೂನು. ಎದುರಿನಿಂದ ಯಾರೂ ಇಲ್ಲದಿದ್ದರೆ ಅದಕ್ಕಾಗಿ ರಸ್ತೆ ನಡುವಿನ ಜೋಡಿಗೆರೆ ದಾಟಬಹುದು. ತಿರುವಿನಲ್ಲಿ ಮಾತ್ರ ದಾಟಬೇಡಿ. ಏರಿನಲ್ಲಿ ತುಳಿಯುವವರು ದಣಿದು ಅತ್ತಿತ್ತ ವಾಲುತ್ತಾರೆ, ಇಳಿಜಾರಿನಲ್ಲಿ ಅವರ ವೇಗ ನಿಮ್ಮ ಕಾರಿನಷ್ಟೇ ಇರುತ್ತದೆ. ಎಲೆ ನೋಡಲು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿದರೆ ಅವರನ್ನು ನಡುರಸ್ತೆಗೆ ತಳ್ಳಿದಂತೆ. ನಿಲ್ಲಿಸಲು ಲುಕ್‌ಔಟ್‌ಗಳ ಪಾರ್ಕಿಂಗ್ ಇದೆ.

ಶಾಂಪ್ಲೇನ್ ಲುಕ್‌ಔಟ್ ಪಾರ್ಕ್‌ವೇಯ ಕೊನೆ. ಇಲ್ಲಿ ಮೆಟ್ಟಿಲು ಹತ್ತುವ ಕೆಲಸವಿಲ್ಲ, ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೆ ಕಲ್ಲಿನ ಕಟ್ಟೆ. ಕೆಳಗೆ ಸುಮಾರು 300 ಮೀಟರ್ ಇಳಿಯುವ ಅರ್ಡ್ಲಿ ಎಂಬ ಕಡಿದಾದ ಬಂಡೆಸಾಲು, ಅದರಾಚೆ ಹೊಲಗಳು, ನದಿ. ಹಿಮಯುಗದ ಕೊನೆಯಲ್ಲಿ ಈ ಬಯಲೆಲ್ಲ ಶಾಂಪ್ಲೇನ್ ಸಮುದ್ರವಾಗಿತ್ತು. ಅದನ್ನು ಹೇಳಿ, ನೋಡುವ ಕಣ್ಣೇ ಬದಲಾಗುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ಎದುರಿಗೇ ಹೊಡೆಯುವುದರಿಂದ ಟೋಪಿ ಬೇಕು. ಬಯಲಿಗೆ ಬೆನ್ನುಮಾಡಿ ನಿಲ್ಲಿಸಿ ಫೋಟೋ ತೆಗೆದರೆ ಮುಖ ಕಪ್ಪಾಗುತ್ತದೆ, ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ. ಊರೊಳಗೆ ಹಿತವಾದ ದಿನವೂ ಮೇಲೆ ಗಾಳಿ ಕೊರೆಯುತ್ತದೆ. ಸ್ವೆಟರ್ ಜೊತೆ ಕಿವಿ ಮುಚ್ಚುವ ಮಫ್ಲರ್, ಫ್ಲಾಸ್ಕಿನಲ್ಲಿ ಬಿಸಿ ಕಾಫಿ, ಕೂರಲು ಮಡಚುವ ಕುರ್ಚಿ ಒಯ್ಯಿರಿ. ಶೌಚಾಲಯ ಗುಂಡಿಯದು, ನೀರಿರುವುದಿಲ್ಲ. ಬಾಟಲಿ ನೀರು, ಸ್ಯಾನಿಟೈಸರ್ ಕಾರಿನಲ್ಲಿರಲಿ.

ಪಿಂಕ್ ಲೇಕ್‌ಗೂ ನಿಲ್ಲಿಸುವುದಾದರೆ ಪಾರ್ಕಿಂಗ್ ಹತ್ತಿರದ ವೀಕ್ಷಣಾ ಕಟ್ಟೆಯಿಂದಷ್ಟೇ ನೋಡಿಸಿ, ಸುತ್ತಿನ ಹಾದಿಯಲ್ಲಿ ಮೆಟ್ಟಿಲುಗಳು ಬಹಳ. ಹೆಸರು ಕೇಳಿದವರು ಗುಲಾಬಿ ಬಣ್ಣ ಹುಡುಕುತ್ತಾರೆ. ಪಿಂಕ್ ಎನ್ನುವುದು ಅಲ್ಲಿ ನೆಲೆಸಿದ್ದ ಕುಟುಂಬದ ಹೆಸರು, ನೀರು ಹಸಿರು.

ಎಲೆಗಳ ಬಣ್ಣ ತುಂಬುವುದು ಸೆಪ್ಟೆಂಬರ್ ಕೊನೆಯಿಂದ ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೆ, ಅಂದರೆ ಅಕ್ಟೋಬರ್ ಎರಡನೇ ಸೋಮವಾರದವರೆಗೆ. ಆ ವಾರಾಂತ್ಯ ವಯಸ್ಸಾದವರನ್ನು ಕರೆದೊಯ್ಯಬೇಡಿ ಎಂದೇ ನನ್ನ ಸಲಹೆ. ಪಾರ್ಕಿಂಗ್ ತುಂಬಿ ಸಾಲಿನಲ್ಲೇ ಕೂರಬೇಕಾಗುತ್ತದೆ, ಇಳಿಯಲು ಜಾಗವಿರುವುದಿಲ್ಲ. ಕಾರಿಗೆ ಬಿಡುವ ವಾರದ ನಡುವಿನ ದಿನವಿದ್ದರೆ ಕೆಲಸಕ್ಕೆ ಅರ್ಧ ರಜೆ ಹಾಕಿಯಾದರೂ ಅದನ್ನೇ ಆರಿಸಿ.

ಗೇಟು ಮುಚ್ಚಿದ್ದರೆ ವಾದಿಸಿ ಫಲವಿಲ್ಲ. ಓಲ್ಡ್ ಚೆಲ್ಸಿಯಿಂದಲೇ ಮೀಚ್ ಲೇಕ್ ರಸ್ತೆ ಹಿಡಿಯಿರಿ, ಅದು ಪಾರ್ಕ್‌ವೇ ಅಲ್ಲ, ಕೆರೆಯ ದಡದವರೆಗೆ ಕಾರು ಹೋಗುತ್ತದೆ. ಈಜುವ ಕಾಲದಲ್ಲಿ ಪಾರ್ಕಿಂಗ್ ಶುಲ್ಕವಿದೆ. ಊರೊಳಗೇ ಉಳಿಯುವುದಾದರೆ ರಾಕ್‌ಕ್ಲಿಫ್ ಲುಕ್‌ಔಟ್‌ನಿಂದ ನದಿಯಾಚೆಯ ಅದೇ ಗುಡ್ಡಗಳು ಕಾಣುತ್ತವೆ. ಬೇಸಿಗೆಯ ವಾರಾಂತ್ಯಗಳಲ್ಲಿ ಒಟ್ಟಾವಾ ಕಡೆಯ ಪಾರ್ಕ್‌ವೇಗಳ ಕೆಲವು ಭಾಗಗಳನ್ನೂ ಸೈಕಲಿಗಾಗಿ ಮುಚ್ಚುತ್ತಾರೆ. 1970ರಿಂದ ನಡೆದುಬಂದ ಪದ್ಧತಿ ಅದು. ಆದ್ದರಿಂದ ಅಲ್ಲಿಗೂ ಹೊರಡುವ ಮುಂಚೆ ಅದೇ ಪುಟವನ್ನು ಇನ್ನೊಮ್ಮೆ ನೋಡಿ.