ಕಂಪನಿಯ ಕೋಡನ್ನು ಓಪನ್ ಸೋರ್ಸ್ ಮಾಡುವುದು ಹೇಗೆ? ಮೊದಲು ಸಹಿ, ಆಮೇಲೆ ಪರವಾನಗಿ

ಕಚೇರಿ ಕೆಲಸಕ್ಕೆಂದು ಬರೆದ ತಂತ್ರಾಂಶ ಹೊರಗಿನವರಿಗೂ ಉಪಯೋಗಕ್ಕೆ ಬರುವಂತಿದ್ದರೆ ಅದನ್ನು ಯಾರು ಬೇಕಾದರೂ ಓದಿ, ಬಳಸಿ, ತಿದ್ದಿ ಹಂಚಬಹುದಾದ ಓಪನ್ ಸೋರ್ಸ್ ಪರವಾನಗಿಯಡಿ ಬಿಡುಗಡೆ ಮಾಡೋಣವೆಂದು ಬರೆದವರಿಗೆ ಅನ್ನಿಸುವುದು ಸಹಜ. ಆದರೆ ಹಲವರು ಪರವಾನಗಿ ಎಂಐಟಿಯೋ ಜಿಪಿಎಲ್ಲೋ ಎಂದು ದಿನಗಟ್ಟಲೆ ಚರ್ಚಿಸಿ, ಕೋಡನ್ನು ಎಲ್ಲರೊಡನೆ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಏರಿಸಿದ ಮೇಲಷ್ಟೇ ಮ್ಯಾನೇಜರಿಗೆ ತಿಳಿಸುತ್ತಾರೆ. ಪರವಾನಗಿ ಕೊಡುವ ಅಧಿಕಾರ ಮಾಲೀಕರಿಗೆ ಮಾತ್ರ ಇರುವುದರಿಂದ, ಮಾಲೀಕರಲ್ಲದವರು ಅಂಟಿಸಿದ ಪರವಾನಗಿಗೆ ಬೆಲೆಯಿಲ್ಲ. ಅದನ್ನು ನಂಬಿ ಕೋಡ್ ಬಳಸಿದವರೂ ತೊಂದರೆಗೆ ಸಿಲುಕುತ್ತಾರೆ.

ಆದ್ದರಿಂದ ಮೊದಲ ಹೆಜ್ಜೆ ಮಾಲೀಕರು ಯಾರೆಂದು ಖಚಿತಪಡಿಸಿಕೊಳ್ಳುವುದು. ಭಾರತದ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ. ನೌಕರಿಯ ಭಾಗವಾಗಿ ರಚಿಸಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತರೇ ಮೊದಲ ಮಾಲೀಕರು ಎಂದು ಅದರ 17ನೇ ಸೆಕ್ಷನ್ ಹೇಳುತ್ತದೆ. ಸ್ವಂತ ವೇಳೆಯಲ್ಲಿ, ಸ್ವಂತ ಸಲಕರಣೆಯಿಂದ, ಕಂಪನಿಯ ವ್ಯವಹಾರಕ್ಕೆ ಸಂಬಂಧಿಸದಂತೆ ಮಾಡಿದ ಆವಿಷ್ಕಾರವನ್ನು ನೌಕರನಿಂದ ಬರೆಸಿಕೊಳ್ಳುವ ಕರಾರು ಕ್ಯಾಲಿಫೋರ್ನಿಯಾದಲ್ಲಿ ಊರ್ಜಿತವಾಗುವುದಿಲ್ಲ. ಅಲ್ಲಿನ ಕಾರ್ಮಿಕ ಸಂಹಿತೆಯ 2870ನೇ ಸೆಕ್ಷನ್ ಅದನ್ನು ತಡೆಯುತ್ತದೆ. ನಮ್ಮ ಕಾಯ್ದೆಯಲ್ಲಿ ಅಂಥ ನೇರವಾದ ರಕ್ಷಣೆ ಇಲ್ಲದ ಕಾರಣ, ವಾರಾಂತ್ಯದಲ್ಲಿ ಮನೆಯಲ್ಲಿ ಕುಳಿತು ಬರೆದದ್ದೆಂಬ ಧೈರ್ಯಕ್ಕಿಂತ ನೇಮಕಾತಿ ಪತ್ರದ ಬೌದ್ಧಿಕ ಆಸ್ತಿಯ ಷರತ್ತನ್ನು ಓದಿ ನೋಡುವುದು ಮೇಲು. ಬೆಂಗಳೂರಿನ ಸೇವಾ ಕಂಪನಿಗಳಲ್ಲಿ ಇನ್ನೊಂದು ತೊಡಕಿದೆ: ಗ್ರಾಹಕ ಕಂಪನಿಗಾಗಿ ಬರೆದ ಕೋಡು ಸಾಮಾನ್ಯವಾಗಿ ಒಪ್ಪಂದದ ಮೂಲಕ ಆ ಗ್ರಾಹಕರ ಪಾಲಾಗಿರುತ್ತದೆ. ಹಾಗಿದ್ದಲ್ಲಿ ನಿಮ್ಮ ಕಂಪನಿಯ ನಿರ್ದೇಶಕರೇ ಒಪ್ಪಿದರೂ ಅದನ್ನು ಬಿಡುಗಡೆ ಮಾಡಲಾಗದು.

ಎರಡನೆಯದು ಲಿಖಿತ ಒಪ್ಪಿಗೆ. ಟೀಮ್ ಲೀಡ್ ಚಹಾದ ವೇಳೆ ತಲೆಯಾಡಿಸಿದರೆ ಸಾಲದು. ಕಂಪನಿಯ ಪರವಾಗಿ ಸಹಿ ಮಾಡುವ ಅಧಿಕಾರವುಳ್ಳವರೇ ಸಹಿ ಹಾಕಬೇಕು. ಪತ್ರದಲ್ಲಿ ತಂತ್ರಾಂಶದ ಹೆಸರು, ಯಾವ ಆವೃತ್ತಿ, ಯಾವ ಪರವಾನಗಿ, ಮುಂದಿನ ತಿದ್ದುಪಡಿಗಳಿಗೂ ಇದೇ ಒಪ್ಪಿಗೆ ಅನ್ವಯಿಸುತ್ತದೆಯೇ ಎಂಬುದು ಸ್ಪಷ್ಟವಾಗಿರಲಿ. ಇದರ ಮಾದರಿಯೊಂದು 1991ರ ಜಿಪಿಎಲ್ ಎರಡನೇ ಆವೃತ್ತಿಯ ಕೊನೆಯಲ್ಲೇ ಇದೆ: ಯೋಯೋಡೈನ್ ಎಂಬ ಕಾಲ್ಪನಿಕ ಕಂಪನಿಯು ಜೇಮ್ಸ್ ಹ್ಯಾಕರ್ ಎಂಬಾತ ಬರೆದ ಪ್ರೋಗ್ರಾಮಿನ ಮೇಲಿನ ಹಕ್ಕನ್ನು ಬಿಟ್ಟುಕೊಡುವ ಒಂದೇ ವಾಕ್ಯದ ಪತ್ರ. ಅದರ ದಿನಾಂಕ 1989ರ ಏಪ್ರಿಲ್ 1. ತಮಾಷೆ ದಿನಾಂಕದಲ್ಲಿದೆಯೇ ಹೊರತು ಸಲಹೆಯಲ್ಲಿಲ್ಲ. ಕಂಪನಿಯು ಹಕ್ಕನ್ನು ನಿಮ್ಮ ಹೆಸರಿಗೇ ವರ್ಗಾಯಿಸಲು ಒಪ್ಪಿದರೆ ಅವಧಿಯನ್ನೂ ಪ್ರದೇಶವನ್ನೂ ಬರೆಸಿಕೊಳ್ಳಲೇಬೇಕು, ಏಕೆಂದರೆ ಬರೆಯದೆ ಬಿಟ್ಟ ವರ್ಗಾವಣೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ನಿನಂತೆ ಐದು ವರ್ಷಕ್ಕೆ ಮತ್ತು ಭಾರತಕ್ಕೆ ಮಾತ್ರ ಸೀಮಿತ. ಜಗತ್ತಿಗೇ ತೆರೆದಿಡುವ ತಂತ್ರಾಂಶಕ್ಕೆ ಇದು ಎಷ್ಟು ಅಪಾಯವೆಂದು ಬೇರೆ ಹೇಳಬೇಕಿಲ್ಲ.

ಒಪ್ಪಿಗೆ ಸಿಕ್ಕ ಮೇಲೆ ಕೋಡಿನ ತಪಾಸಣೆ. ಅದರಲ್ಲಿ ಹೊರಗುತ್ತಿಗೆಯ ಸ್ವತಂತ್ರ ಪ್ರೋಗ್ರಾಮರುಗಳು ಬರೆದ ಭಾಗವಿದ್ದರೆ, ಅವರು ನೌಕರರಲ್ಲವಾದ್ದರಿಂದ, ಅವರಿಂದ ಲಿಖಿತ ವರ್ಗಾವಣೆ ಆಗಿದೆಯೇ ನೋಡಬೇಕು. ಇತರರಿಂದ ಖರೀದಿಸಿದ ಲೈಬ್ರರಿಗಳನ್ನು ತೆಗೆದುಹಾಕಬೇಕು. 1998ರ ಮಾರ್ಚ್ 31ರಂದು ನೆಟ್‌ಸ್ಕೇಪ್ ತನ್ನ ಬ್ರೌಸರಿನ ಆಕರ ಕೋಡನ್ನು ಬಿಡುಗಡೆ ಮಾಡುವ ಮುನ್ನ ಇಂಥ ಪರರ ಕೋಡನ್ನು ಹೆಕ್ಕಿ ತೆಗೆಯುವುದೇ ದೊಡ್ಡ ಕೆಲಸವಾಗಿತ್ತು. ಪಾಸ್‌ವರ್ಡ್ ಮತ್ತು ಎಪಿಐ ಕೀಗಳ (ಬೇರೆ ಸೇವೆಗಳನ್ನು ಬಳಸಲು ಬೇಕಾದ ರಹಸ್ಯ ಸಂಕೇತಗಳ) ವಿಷಯದಲ್ಲಂತೂ ಇಂದಿನ ಕಡತವನ್ನು ಮಾತ್ರ ನೋಡಿದರೆ ಸಾಲದು. ನಿನ್ನೆ ಅಳಿಸಿದ ಕೀ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನ ಇತಿಹಾಸದಲ್ಲಿ ಹಾಗೆಯೇ ಉಳಿದಿರುತ್ತದೆ. ಹಳೆಯ ಇತಿಹಾಸವನ್ನು ಬಿಟ್ಟು ಹೊಸ ರೆಪಾಸಿಟರಿಯಲ್ಲಿ (ಕೋಡಿನ ಸಂಗ್ರಹದಲ್ಲಿ) ಒಂದೇ ಕಮಿಟ್ (ದಾಖಲೆ) ಆಗಿ ಹಾಕುವುದು, ಜೊತೆಗೆ ಹಳೆಯ ಕೀಗಳನ್ನೆಲ್ಲ ರದ್ದುಪಡಿಸುವುದು ಸುರಕ್ಷಿತ ಮಾರ್ಗ.

ಪರವಾನಗಿಯ ಆಯ್ಕೆಯ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ವಾದ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾರು ಹೇಗೆ ಬೇಕಾದರೂ ಬಳಸಲಿ ಎಂದಾದರೆ ಎಂಐಟಿ. ಪೇಟೆಂಟ್ ಅನುಮತಿಯೂ ಸ್ಪಷ್ಟವಾಗಿರಲೆಂದರೆ ಅಪಾಚೆ 2.0; ಮಾರ್ಪಡಿಸಿ ಹಂಚುವವರು ತಮ್ಮ ಕೋಡನ್ನೂ ತೆರೆಯಬೇಕೆಂದರೆ ಜಿಪಿಎಲ್. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆರೋಗ್ಯ ಸೇತುವಿನ ಆಂಡ್ರಾಯ್ಡ್ ಕೋಡನ್ನು ಬಿಡುಗಡೆ ಮಾಡಿದ್ದು ಅಪಾಚೆ ಅಡಿಯಲ್ಲಿ. ಡಿಜಿಟಲ್ ಗುರುತಿನ ವ್ಯವಸ್ಥೆಗೆ ತಂತ್ರಾಂಶ ಕಟ್ಟುವ ಐಐಐಟಿ ಬೆಂಗಳೂರಿನ ಮೋಸಿಪ್ ಯೋಜನೆ ಆರಿಸಿಕೊಂಡದ್ದು ಮೊಜಿಲ್ಲಾ ಪರವಾನಗಿ. ಆದರೆ ನಿಮ್ಮ ಕೋಡಿನೊಳಗೆ ಈಗಾಗಲೇ ಜಿಪಿಎಲ್ ಲೈಬ್ರರಿ ಸೇರಿದ್ದರೆ ಈ ಸ್ವಾತಂತ್ರ್ಯವಿರುವುದಿಲ್ಲ.

ಪ್ರಕಟಿಸುವಾಗ ಪರವಾನಗಿಯ ಪೂರ್ಣ ಪಠ್ಯವನ್ನು ಒಂದಕ್ಷರವೂ ತಿದ್ದದೆ ಲೈಸೆನ್ಸ್ ಎಂಬ ಕಡತದಲ್ಲಿಡಿ; ಪ್ರತಿ ಕಡತದ ತಲೆಯಲ್ಲಿ ಎಸ್‌ಪಿಡಿಎಕ್ಸ್ ಗುರುತು (ಪರವಾನಗಿ ಯಾವುದೆಂದು ಸೂಚಿಸುವ ಪ್ರಮಾಣಿತ ಸಂಕೇತ) ಮತ್ತು ಕೃತಿಸ್ವಾಮ್ಯದ ಸಾಲು ಇರಲಿ. ಹಕ್ಕು ಕಂಪನಿಯದಾಗಿದ್ದರೆ ಆ ಸಾಲಿನಲ್ಲಿ ಬರಬೇಕಾದದ್ದು ಕಂಪನಿಯ ಹೆಸರು. ಬರೆದವರ ಹೆಸರುಗಳಿಗೆ ಆಥರ್ಸ್ ಎಂಬ ಪ್ರತ್ಯೇಕ ಕಡತವಿಡಬಹುದು. ಕಂಪನಿಯ ಲಾಂಛನ ಈ ಬಿಡುಗಡೆಯಲ್ಲಿ ಸೇರಿಲ್ಲವೆಂದು ತಿಳಿಸುವುದು ಕಾನೂನು ವಿಭಾಗದವರ ಆತಂಕವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ.

ಅಪಾಚೆ 2.0 ಮತ್ತು ಜಿಪಿಎಲ್ ಮೂರನೇ ಆವೃತ್ತಿಯಲ್ಲಿ ಅನುಮತಿಯನ್ನು ಹಿಂಪಡೆಯಲಾಗದೆಂದು ಬರೆದೇ ಇರುವುದರಿಂದ, ಮುಂದೆ ನೀವು ಕೆಲಸ ಬಿಟ್ಟರೂ ಷರತ್ತುಗಳನ್ನು ಪಾಲಿಸುತ್ತ ಆ ಕೋಡನ್ನು ಎಲ್ಲರಂತೆ ಬಳಸಿ ಬೆಳೆಸಬಹುದು. ಆದರೆ ಕಚೇರಿಯ ಇಮೇಲ್ ಕೊನೆಯ ದಿನವೇ ಮುಚ್ಚಿಹೋಗುತ್ತದೆ. ಆದ್ದರಿಂದ ಸಹಿಯಾದ ಪತ್ರದ ಪ್ರತಿಯೊಂದನ್ನು, ಕಂಪನಿಗೆ ತಿಳಿಸಿಯೇ, ನಿಮ್ಮ ಬಳಿ ಇಟ್ಟುಕೊಳ್ಳಿ.