ಮುತ್ತಿಗೆಯ ಸೇನೆಯ ಮೇಲೆ ಡ್ರ್ಯಾಗನ್ ಎರಗುವ ದೃಶ್ಯವನ್ನು ಬರೆಯುವ ಬಗೆ

ಕೋಟೆಯನ್ನು ಸುತ್ತುಗಟ್ಟಿದ ಸೇನೆಯ ಮೇಲೆ ಡ್ರ್ಯಾಗನ್ ಎರಗುವ ದೃಶ್ಯವನ್ನು ಬರೆಯಹೊರಟವರು ಮೊದಲು ನೆಲವನ್ನೂ ಗಾಳಿಯನ್ನೂ ನಿಶ್ಚಯಿಸಿಕೊಳ್ಳಬೇಕು, ಬೆಂಕಿ ಆಮೇಲಿನದು. ಕಾಸರಗೋಡಿನ ಬರಹಗಾರರಿಗೆ ಅಂಥ ನೆಲ ಹತ್ತಿರದಲ್ಲೇ ಇದೆ. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಎದ್ದ ಬೇಕಲ ಕೋಟೆ ಸುಮಾರು 40 ಎಕ್ರೆಯಷ್ಟು ಹರಡಿದ ಮುರಕಲ್ಲಿನ ಕೋಟೆ. ಅದರ ಪಡುವಣಕ್ಕೆ ಕಡಲು, ಮೂಡಣಕ್ಕೆ ನೆಲ. ನಿಮ್ಮ ಕಲ್ಪನೆಯ ರಾಜ್ಯಕ್ಕೆ ಬೇಕಾದ ಹೆಸರಿಟ್ಟುಕೊಳ್ಳಿ, ಆದರೆ ಒಮ್ಮೆ ಆ ಗೋಡೆಯ ಮೇಲೆ ನಿಂತು, ಶತ್ರುಗಳು ಎಲ್ಲಿ ಬೀಡುಬಿಟ್ಟಾರು, ನೀರನ್ನು ಎಲ್ಲಿಂದ ತಂದಾರು, ಸಿಡಿಮದ್ದಿನ ಪೀಪಾಯಿಗಳನ್ನು ಯಾವ ಮರೆಯಲ್ಲಿ ಇಟ್ಟಾರು ಎಂಬುದನ್ನು ಕಣ್ಣಳತೆಯಲ್ಲೇ ಗುರುತಿಸಿಕೊಳ್ಳಿ.

ಗಾಳಿಯ ವಿಷಯದಲ್ಲಿ ಅವಸರ ಬೇಡ, ಏಕೆಂದರೆ ದೃಶ್ಯದ ಗತಿಯೆಲ್ಲ ಅದರಿಂದಲೇ ಹುಟ್ಟುತ್ತದೆ. ಬೇಸಗೆಯ ಹಗಲಿನಲ್ಲಿ ನೆಲವು ಕಡಲಿಗಿಂತ ಬೇಗ ಕಾಯುವುದರಿಂದ ಗಾಳಿ ಕಡಲಿನಿಂದ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಗಾಳಿ ಕಡಲ ಕಡೆಗೆ ತಿರುಗುತ್ತದೆ. ಆದ್ದರಿಂದ ಅಪರಾಹ್ನ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಬರುವ ಡ್ರ್ಯಾಗನ್ನಿನ ಜ್ವಾಲೆ ಪಾಳೆಯದ ಒಳಗೊಳಗೆ ನುಗ್ಗುತ್ತದೆ, ಒಣಗಿದ ತೆಂಗಿನ ಮಡಲಿನ ಚಪ್ಪರಗಳಿಗೂ ಮುಳಿಹುಲ್ಲಿನ ರಾಶಿಗಳಿಗೂ ಒಂದರಿಂದೊಂದಕ್ಕೆ ಹತ್ತಿಕೊಳ್ಳುತ್ತದೆ. ಅದೇ ದಾಳಿ ನಡುರಾತ್ರಿ ನಡೆದರೆ ಕಿಡಿಗಳು ಕೋಟೆಯ ಕಡೆಗೇ ಹಾರುತ್ತವೆ. ಆಟಿ ತಿಂಗಳ ಮುಂಗಾರು ಮಳೆಯಲ್ಲಾದರೆ ನೆನೆದ ಮಡಲು ಹೊಗೆಯಾಡುವುದೇ ಹೆಚ್ಚು. ಭಾರದ ಹಕ್ಕಿಗಳು ಗಾಳಿಗೆ ಎದುರಾಗಿಯೇ ಮೇಲೇಳುತ್ತವೆ ಎಂಬುದನ್ನೂ ಮರೆಯಬಾರದು. ಹಗಲಲ್ಲಿ ನೆಲಕ್ಕಿಳಿದ ಡ್ರ್ಯಾಗನ್ ಮತ್ತೆ ಏಳಬೇಕಾದರೆ ಕಡಲಿಗೆ ಮುಖಮಾಡಬೇಕು, ಅಂದರೆ ಶತ್ರುವಿಗೆ ಬೆನ್ನು ಕೊಡಬೇಕು. ಬಿಲ್ಲುಗಾರರಿಗೆ ಸಿಗುವ ಗಳಿಗೆ ಅದು; ಅದನ್ನು ಅವರಿಂದ ಕಸಿಯಬೇಡಿ. ಮುತ್ತಿದವರನ್ನು ಬರಿಯ ಸೌದೆಯಂತೆ ಉರಿಸಿಬಿಡುವ ಬರವಣಿಗೆಯನ್ನು ನಾನು ಒಪ್ಪಲಾರೆ.

ಡ್ರ್ಯಾಗನ್ನನ್ನು ಒಮ್ಮೆಗೇ ತೋರಿಸಲೂ ಬಾರದು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬರುವ ಕ್ರಮವನ್ನು ನೆನೆಯಿರಿ. ಚೆಂಡೆಯ ಅಬ್ಬರದ ನಡುವೆ ಮೊದಲು ಆರ್ಭಟ ಕೇಳಿಸುತ್ತದೆ, ತೆರೆಯ ಮೇಲುಗಡೆ ಕಿರೀಟದ ಅಂಚು ಕಾಣುತ್ತದೆ, ದೊಂದಿಗೆ ಎರಚಿದ ರಾಳ ಭಗ್ಗೆಂದಾಗ ಮುಖ ಕ್ಷಣ ಹೊಳೆದು ಮರೆಯಾಗುತ್ತದೆ. ಪೂರ್ಣರೂಪ ಕಾಣುವ ಹೊತ್ತಿಗೆ ಸಭೆ ಆಗಲೇ ಬೆದರಿರುತ್ತದೆ. ನಿಮ್ಮ ದೃಶ್ಯದಲ್ಲಿ ಎತ್ತುಗಳು ಹಗ್ಗ ಜಗ್ಗಲಿ, ಕುದುರೆಗಳು ಗೂಟ ಕೀಳಲಿ, ಅಡುಗೆಯವನು ಸೌಟು ಹಿಡಿದು ಆಕಾಶ ನೋಡಲಿ. ಅನಂತರ ನೆರಳು ಹಾಯಲಿ.

ನೋಟದ ದೂರವನ್ನು ಬದಲಿಸುತ್ತ ಹೋಗುವುದು ಅಗತ್ಯ. ಬೇಕಲದ ಹೊರಗೋಡೆಯಲ್ಲಿ ದೂರದ ಶತ್ರುವಿಗೊಂದು, ಸಮೀಪಿಸಿದವನಿಗೊಂದು, ಬುಡಕ್ಕೇ ಬಂದವನಿಗೊಂದು ಎಂಬಂತೆ ಕೋವಿಯ ಕಿಂಡಿಗಳನ್ನು ಬೇರೆ ಬೇರೆ ಎತ್ತರದಲ್ಲಿ ಕೊರೆದಿದ್ದಾರೆ. ಹಾಗೆಯೇ ಮೊದಲು ಇಡೀ ಪಾಳೆಯ, ಆಮೇಲೆ ಒಂದು ಸಾಲು ಡೇರೆ, ಕೊನೆಗೆ ಒಬ್ಬನ ಅಂಗೈ.

ದಾಳಿ ಮುಗಿದ ಮೇಲೆ ಜಯಘೋಷಕ್ಕೆ ಒಂದು ವಾಕ್ಯ ಸಾಕು. ಕತ್ತಲಾಗಿ ಗಾಳಿ ತಿರುಗಿದಾಗ ಪಾಳೆಯದ ಹೊಗೆ ಗೋಡೆ ದಾಟಿ ಕೋಟೆಯೊಳಕ್ಕೆ ಬರುತ್ತದೆ. ಆ ವಾಸನೆ ಮೂಗಿಗೆ ತಾಗಿದೊಡನೆ ಊಟದ ಎಲೆಯ ಮುಂದಿನಿಂದ ಮೊದಲು ಎದ್ದುಹೋಗುವವರು ಯಾರು ಎಂಬುದನ್ನು ಬರೆಯತೊಡಗುವ ಮುನ್ನವೇ ತೀರ್ಮಾನಿಸಿಕೊಂಡಿರಿ.