ತಿಂಡಿ ಎಷ್ಟು ಗಂಟೆಗೆ? ಮಧುಮೇಹದ ಔಷಧ ಕಲಿಸುತ್ತ ನಾನು ಕಲಿತದ್ದು

ಮುಂಬಯಿಯ ಮಾಟುಂಗ, ವಡಾಲ ಭಾಗಗಳಲ್ಲಿ ವೈದ್ಯವೃತ್ತಿ ನಡೆಸುತ್ತಿರುವ ನಾನು, ಹನ್ನೊಂದು ವರ್ಷಗಳಿಂದ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸುತ್ತಮುತ್ತಲಿನ ನರ್ಸಿಂಗ್ ಹೋಮ್‌ಗಳ ದಾದಿಯರಿಗೆ, ಮೆಡಿಕಲ್ ಅಂಗಡಿಗಳ ಫಾರ್ಮಾಸಿಸ್ಟರಿಗೆ ಮತ್ತು ಹೊಸದಾಗಿ ಕ್ಲಿನಿಕ್ ತೆರೆದ ಕಿರಿಯ ವೈದ್ಯರಿಗೆ ಮಧುಮೇಹದ ಔಷಧಗಳನ್ನು ಬಳಸುವ ಬಗೆಯನ್ನು ಕಲಿಸುತ್ತಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು. ಪಾಠ ಕನ್ನಡದಲ್ಲೇ ನಡೆಯುತ್ತದೆ. ಪ್ರಶ್ನೆಗಳು ಮಾತ್ರ ತುಳುವಿನಲ್ಲೂ ಮರಾಠಿಯಲ್ಲೂ ಬರುತ್ತವೆ.

ಮೊದಲ ವರ್ಷ ನಾನು ಕಾಲೇಜಿನಲ್ಲಿ ಕಲಿತ ಕ್ರಮದಲ್ಲೇ ಕಲಿಸಿದೆ. ಔಷಧಗಳ ಗುಂಪು, ಪ್ರಮಾಣ, ಅಡ್ಡಪರಿಣಾಮ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7ರ ಒಳಗಿರಬೇಕೆಂಬ ಗುರಿ, ಎಲ್ಲವನ್ನೂ ಗೋಡೆಯ ಮೇಲೆ ತೋರಿಸಿ ವಿವರಿಸಿದೆ. ಕೇಳಿದವರು ಚೆನ್ನಾಗಿ ಬರೆದುಕೊಂಡರು. ಆ ಕ್ರಮದಲ್ಲಿದ್ದ ಕೊರತೆ ನನಗೆ ತಿಳಿದದ್ದು ನಾನೇ ಬರೆದ ಒಂದು ಚೀಟಿಯಿಂದ.

ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವ ಐವತ್ತು ದಾಟಿದ ಅಡುಗೆಯವರಿಗೆ ನಾನು ಗ್ಲಿಮೆಪಿರೈಡ್ 2 ಮಿಲಿಗ್ರಾಂ ಬರೆದು, ಬೆಳಗಿನ ತಿಂಡಿಗೆ ಮುಂಚೆ ಎಂದು ಸೂಚಿಸಿದ್ದೆ. ಅವರು ಏಳುವುದು ನಾಲ್ಕು ಗಂಟೆಗೆ. ಒಂದು ಲೋಟ ಚಹಾ ಕುಡಿದು, ಮಾತ್ರೆ ನುಂಗಿ, ಒಲೆ ಹಚ್ಚುತ್ತಾರೆ. ಗಿರಾಕಿಗಳ ಗದ್ದಲ ಇಳಿದು ಅವರು ತಾವು ತಿನ್ನಲು ಕೂರುವ ಹೊತ್ತಿಗೆ ಹತ್ತೂವರೆಯಾಗಿರುತ್ತದೆ. ಒಂದು ದಿನ ಒಂಬತ್ತರ ಸುಮಾರಿಗೆ ಅವರ ಕೈ ನಡುಗಿ, ಮೈಯೆಲ್ಲ ಬೆವೆತು, ಮಾತು ತೊದಲತೊಡಗಿದಾಗ, ನಿದ್ದೆಗೆಟ್ಟದ್ದರಿಂದ ಹೀಗಾಗಿದೆ ಎಂದುಕೊಂಡ ಮಾಣಿಗಳು ಅವರನ್ನು ಫ್ಯಾನಿನ ಕೆಳಗೆ ಮಲಗಿಸಿದರು. ಆಸ್ಪತ್ರೆಗೆ ತಂದಾಗ ರಕ್ತದ ಸಕ್ಕರೆ 41ಕ್ಕೆ ಇಳಿದಿತ್ತು. ಗ್ಲೂಕೋಸ್ ಏರಿಸಿದ ಮೇಲೆ ಚೇತರಿಸಿಕೊಂಡರು. ಆ ಚೀಟಿಯನ್ನು ಅವರಿಗೆ ವಿವರಿಸಿದ್ದ ದಾದಿ ನನ್ನ ತರಗತಿಗೆ ತಪ್ಪದೆ ಬರುತ್ತಿದ್ದವರು. ಅವರು ನನ್ನೆದುರು ನಿಂತು, "ಡಾಕ್ಟ್ರೇ, ತಿಂಡಿಗೆ ಮುಂಚೆ ಅಂತ ನಾನೂ ಹೇಳಿದ್ದೆ. ತಿಂಡಿ ಎಷ್ಟು ಗಂಟೆಗೆ ಅಂತ ನಾವು ಯಾರೂ ಕೇಳಲಿಲ್ಲ" ಎಂದರು.

ಅಂದಿನಿಂದ ತರಗತಿಯ ಮೊದಲ ಅರ್ಧ ಗಂಟೆ ಯಾವ ಔಷಧದ ಹೆಸರನ್ನೂ ಎತ್ತುವುದಿಲ್ಲ. ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಒಬ್ಬ ರೋಗಿಯ ದಿನಚರಿಯನ್ನು ಗಂಟೆ ಸಹಿತ ಬರೆಯಬೇಕು: ಏಳುವುದು, ಚಹಾ, ಲೋಕಲ್ ರೈಲು, ಕೆಲಸ, ಊಟ, ನಿದ್ದೆ, ಏಕಾದಶಿಯ ಅಥವಾ ರಂಜಾನಿನ ಉಪವಾಸ. ಆ ದಿನಚರಿಯಲ್ಲಿ ಔಷಧವನ್ನು ಎಲ್ಲಿ ಇಡಬೇಕೆಂಬ ಮಾತು ಆಮೇಲೆ ಬರುತ್ತದೆ. ಗ್ಲಿಮೆಪಿರೈಡ್‌ನಂಥ ಮಾತ್ರೆಯು ಹೊಟ್ಟೆಯಲ್ಲಿ ಅನ್ನ ಇದೆಯೋ ಇಲ್ಲವೋ ಎಂದು ನೋಡದೆ ಮೇದೋಜ್ಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ ಎಂಬ ಮಾತು, ಆ ದಿನಚರಿಯ ಹಾಳೆ ಕೈಯಲ್ಲಿರುವಾಗ ಮನಸ್ಸಿಗೆ ನಾಟುವಂತೆ ಬೇರೆ ರೀತಿಯಲ್ಲಿ ನಾಟುವುದಿಲ್ಲ. ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತು ಸುರಿಯುವ ಸಕ್ಕರೆಯನ್ನು ತಗ್ಗಿಸುತ್ತದೆ. ಅದೊಂದನ್ನೇ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ಅಪರೂಪ. ಆದರೆ ಮೊದಲ ದಿನವೇ ದೊಡ್ಡ ಪ್ರಮಾಣ ಕೊಟ್ಟರೆ ಹೊಟ್ಟೆ ಕೆಟ್ಟು, ರೋಗಿ ಹೇಳದೆ ಕೇಳದೆ ಮಾತ್ರೆ ಬಿಡುತ್ತಾನೆ. ಆದ್ದರಿಂದ ರಾತ್ರಿ ಊಟದ ಜೊತೆ 500 ಮಿಲಿಗ್ರಾಂನಿಂದ ಆರಂಭಿಸಿ, ವಾರ ವಾರ ಏರಿಸಿ ಎನ್ನುತ್ತೇನೆ. ಮೂತ್ರಪಿಂಡದ ಸೋಸುವ ಶಕ್ತಿಯ ಅಳತೆಯಾದ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಅದನ್ನು ನಿಲ್ಲಿಸಲೇಬೇಕು.

ಹೊಸ ಮಾತ್ರೆಗಳ ಪಾಠ ಈಚಿನ ವರ್ಷಗಳಲ್ಲಿ ಬದಲಾಗಿದೆ. ನಮ್ಮ ದೇಶದಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲೂ ಸಿಟಾಗ್ಲಿಪ್ಟಿನ್‌ನದು 2022ರಲ್ಲೂ ಮುಗಿದು ಬೆಲೆ ಇಳಿದ ಮೇಲೆ, ಊಟದ ಹೊತ್ತು ನಿಶ್ಚಯವಿಲ್ಲದ ದುಡಿಯುವವರಿಗೂ ಇವನ್ನು ಬರೆಯುವುದು ಸಾಧ್ಯವಾಯಿತು. ಇವುಗಳಿಂದಷ್ಟೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ಅಪರೂಪ. ಆದರೂ ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಅನ್ನು, ನೀರು ಕುಡಿಯಲೂ ಬಿಡುವಿಲ್ಲದೆ ಒಲೆಯ ಬಿಸಿಗೆ ನಿಂತು ಬೆವರುವವರಿಗೆ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು. ಗುಪ್ತಾಂಗದ ತುರಿಕೆಯ ಬಗ್ಗೆ ರೋಗಿ ತಾನಾಗಿ ಹೇಳುವುದಿಲ್ಲ, ಸಂಕೋಚ ಬಿಟ್ಟು ದಾದಿಯೇ ಕೇಳಬೇಕು. ಶಸ್ತ್ರಚಿಕಿತ್ಸೆಗೆ ಮೂರು ದಿನ ಮೊದಲು ಇದನ್ನು ನಿಲ್ಲಿಸದಿದ್ದರೆ, ಸಕ್ಕರೆ ಅಷ್ಟೇನೂ ಏರದೆಯೇ ರಕ್ತ ಆಮ್ಲೀಯವಾಗುವ ಅಪಾಯವುಂಟು.

ಇನ್ಸುಲಿನ್ ಪಾಠಕ್ಕೆ ನಾನು ಅತಿ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಅಲ್ಲಿ ತಪ್ಪುವುದು ಕೈ. ಮೇಜಿನ ಮೇಲೆ ಕೆಂಪು ಮುಚ್ಚಳದ ಮತ್ತು ಕಿತ್ತಳೆ ಮುಚ್ಚಳದ ಸಿರಿಂಜ್‌ಗಳನ್ನು, ಒಂದು ಇನ್ಸುಲಿನ್ ಬಾಟಲಿಯನ್ನು, ಒಂದು ಪೆನ್ನಿನ ಕಾರ್ಟ್ರಿಜ್ ಅನ್ನು ಇಡುತ್ತೇನೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಕಾರ್ಟ್ರಿಜ್‌ನಲ್ಲಿ 100. ಕೆಂಪು ಮುಚ್ಚಳದ್ದು 40ರ ಸಿರಿಂಜ್, ಕಿತ್ತಳೆಯದು 100ರದು. ಉಪನಗರದ ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪೆನ್ ಕೆಟ್ಟಿತೆಂದು, ಕಾರ್ಟ್ರಿಜ್‌ಗೆ ಕೆಂಪು ಮುಚ್ಚಳದ ಸಿರಿಂಜ್ ಚುಚ್ಚಿ 10ರ ಗೆರೆಯವರೆಗೆ ಎಳೆದು ಕೊಟ್ಟರು. ರೋಗಿಗೆ 10ರ ಬದಲು ಹೋದದ್ದು 25 ಯೂನಿಟ್. ಬೆಳಗಿನ ಜಾವ ಅವರನ್ನು ನೋಡಲು ನನ್ನನ್ನು ಕರೆದಿದ್ದರು. ಈಗ ಬಣ್ಣದ ನೀರನ್ನು ಎರಡೂ ಸಿರಿಂಜ್‌ಗಳಲ್ಲಿ 10ರ ಗೆರೆಗೆ ಎಳೆಸಿ, ಬಿಳಿ ತಟ್ಟೆಯ ಮೇಲೆ ಅಕ್ಕಪಕ್ಕ ಸುರಿಸುತ್ತೇನೆ. ಆ ಎರಡು ಹನಿಗುಂಪುಗಳ ವ್ಯತ್ಯಾಸ ಕಂಡ ಕೂಡಲೇ ಕೋಣೆ ನಿಶ್ಶಬ್ದವಾಗುತ್ತದೆ.

ಚುಚ್ಚುವ ಜಾಗವನ್ನು ಕಣ್ಣಿನಿಂದ ನೋಡಿದರೆ ಸಾಲದು, ಬೆರಳಾಡಿಸಬೇಕು. ಒಬ್ಬ ಹಿರಿಯರು ತಾವಾಗಿ ಒಪ್ಪಿ ತರಗತಿಗೆ ಬಂದಿದ್ದರು. ದಿನಕ್ಕೆ 46 ಯೂನಿಟ್ ತೆಗೆದುಕೊಂಡರೂ ಸಕ್ಕರೆ ಹತೋಟಿಗೆ ಬಂದಿರಲಿಲ್ಲ. ಹೊಕ್ಕುಳಿನ ಎಡಕ್ಕೆ, ಲಿಂಬೆಹಣ್ಣಿನಷ್ಟು ಅಗಲಕ್ಕೆ ರಬ್ಬರಿನಂತೆ ಗಟ್ಟಿಯಾದ ಉಬ್ಬಿತ್ತು. ಅಲ್ಲಿ ನೋವಾಗುವುದಿಲ್ಲವೆಂದು ವರ್ಷಗಟ್ಟಲೆ ಅಲ್ಲೇ ಚುಚ್ಚಿಕೊಂಡಿದ್ದರು. ಬಂದಿದ್ದ ಹದಿನಾಲ್ಕು ಮಂದಿಯೂ ಸರದಿಯಂತೆ ಅದನ್ನು ಮುಟ್ಟಿ ನೋಡಿದರು. ಜಾಗ ಬದಲಿಸಿದಾಗ ಇನ್ಸುಲಿನ್ ಚೆನ್ನಾಗಿ ಹೀರಿಕೊಳ್ಳುವುದರಿಂದ ಪ್ರಮಾಣವನ್ನು ಇಳಿಸಲೇಬೇಕೆಂಬುದನ್ನು ಅಂದೇ, ಅವರ ಚೀಟಿಯನ್ನೇ ತಿದ್ದಿ ತೋರಿಸಿದೆ.

ಹೋಟೆಲಿನ ಹುಡುಗರು ಹತ್ತು ಜನ ಸೇರಿ ಇರುವ ಕೋಣೆಯಲ್ಲಿ ಫ್ರಿಜ್ ಇರುವುದಿಲ್ಲ. ಹೋಟೆಲಿನ ಫ್ರೀಜರಿನಲ್ಲಿಟ್ಟು ಗಡ್ಡೆಕಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಳಸುತ್ತಿರುವ ಬಾಟಲಿಯನ್ನು ನೀರಿನಲ್ಲಿ ನೆನೆಸಿದ ಮಣ್ಣಿನ ಮಡಕೆಯೊಳಗೆ ತಂಪಾಗಿಟ್ಟು, ನಾಲ್ಕು ವಾರದೊಳಗೆ ಮುಗಿಸುವಂತೆ ಹೇಳಿಕೊಡುತ್ತೇವೆ.

ಫಾರ್ಮಾಸಿಸ್ಟರಿಗೆ ಒಂದು ವಿಷಯವನ್ನು ಪ್ರತಿ ಸಲವೂ ಒತ್ತಿ ಹೇಳುತ್ತೇನೆ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುವುದು ಸರಿಯಾದ ಕ್ರಮ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಆದರೆ ವೋಗ್ಲಿಬೋಸ್ ಸೇರಿದ ಮಾತ್ರೆ ನುಂಗುವವರಲ್ಲಿ ಮನೆಯ ಸಕ್ಕರೆ ಕರುಳಿನಲ್ಲಿ ಬೇಗ ಒಡೆಯುವುದಿಲ್ಲ, ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ನಮ್ಮಲ್ಲಿ ಈ ಔಷಧ ಬೆರೆತ ಮಾತ್ರೆಗಳು ಬಹಳ ಮಾರಾಟವಾಗುತ್ತವೆ. ಮಾತ್ರೆಯ ಜೊತೆಗೇ ಗ್ಲೂಕೋಸಿನ ಸಣ್ಣ ಪೊಟ್ಟಣವನ್ನೂ ಕೊಡುವ ರೂಢಿಯನ್ನು ಮೂವರು ಅಂಗಡಿಯವರು ಆರಂಭಿಸಿದ್ದಾರೆ.

ಬರಹದ ಪರೀಕ್ಷೆಯನ್ನು ನಿಲ್ಲಿಸಿದ್ದೇನೆ. ಕೊನೆಯಲ್ಲಿ ನಾನೇ ರೋಗಿಯಾಗಿ ಕುರ್ಚಿಯ ಮೇಲೆ ಕೂರುತ್ತೇನೆ, ಅವರು ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತೇನೆ. ಅಂದು ನನ್ನೆದುರು ನಿಂತು ಮಾತಾಡಿದ ದಾದಿಯೇ ಈಗ ಆ ಮೊದಲ ಅರ್ಧ ಗಂಟೆಯನ್ನು ನಡೆಸುತ್ತಾರೆ. ದೋಸೆ ಕಾವಲಿಯ ನಮ್ಮ ಅಡುಗೆಯವರು ಈಗ ಸಿಟಾಗ್ಲಿಪ್ಟಿನ್ ಮತ್ತು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಅವರ ಚೀಟಿಯಲ್ಲಿ ತಿಂಡಿಗೆ ಮುಂಚೆ ಎಂದಿದ್ದ ಜಾಗದಲ್ಲಿ 10.30, ಇಡ್ಲಿಯ ಜೊತೆ ಎಂದು ಬರೆದಿದ್ದೇನೆ.